ಅಂಗಳದ ಸೆನ್ಸರ್ ಲೈಟು ಮಿಟುಕುತ್ತಿದೆಯೇ? ಬಲ್ಬ್ ಬಿಚ್ಚುವ ಮೊದಲು ತಾಳ ಎಣಿಸಿ

ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ. ಹಿಂಬಾಗಿಲಿನಿಂದ ಕೊಟ್ಟಿಗೆಗೆ ಸುಮಾರು 30 ಮೀಟರ್ ದೂರ. ರಾತ್ರಿ ದನ ಕೂಗಿದರೆ ಅಮ್ಮ ಎದ್ದು ಅಷ್ಟು ದೂರ ನಡೆದೇ ಹೋಗಬೇಕು. ಮಳೆಗಾಲದಲ್ಲಿ ಆ ದಾರಿ ಪಾಚಿಗಟ್ಟಿರುತ್ತದೆ, ಹಾವೂ ಓಡಾಡುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚ್ ಹಿಡಿದರೆ ಬೇರೇನೂ ಹಿಡಿಯಲು ಆಗುವುದಿಲ್ಲ. ಅದಕ್ಕೇ ಕೊಟ್ಟಿಗೆ ಗೋಡೆಗೆ ಒಂದು ಎಲ್‌ಇಡಿ ಲೈಟು, ಅದಕ್ಕೊಂದು ಮೋಷನ್ ಸೆನ್ಸರ್ ಹಾಕಿಸಿದೆ. ಅಮ್ಮ ಬಾವಿಕಟ್ಟೆ ದಾಟಿದರೆ ಸಾಕು, ಲೈಟು ತಾನಾಗಿ ಹತ್ತಿಕೊಳ್ಳುತ್ತಿತ್ತು.

ಒಂದು ವಾರ ಕಳೆಯುವುದರೊಳಗೆ ಫೋನು ಬಂತು. "ಯಾರೂ ಇಲ್ಲದಿದ್ರೂ ಲೈಟು ಕಣ್ಣು ಹೊಡೀತದೆ ಕಣೋ. ಹೊಸ ಬಲ್ಬ್ ಹಾಕಿದ್ರೂ ಅಷ್ಟೇ."

ಊರಿನ ಅಂಗಡಿಯವರು ಬಲ್ಬ್ ಸರಿ ಇಲ್ಲ ಎಂದು ಬದಲಿಸಿ ಕೊಟ್ಟಿದ್ದರು. ಎರಡನೆಯದೂ ಹಾಗೇ ಮಾಡಿತು. ಮೂರನೆಯದೂ ಅಷ್ಟೇ. ಬಲ್ಬ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ. ಮಿಟುಕುವುದು ಬಲ್ಬ್ ಆದರೂ ಮಿಟುಕಿಸುವುದು ಬೇರೆ ಯಾವುದೋ ಆಗಿರಬಹುದು. ಇದು ನನಗೆ ಅರ್ಥವಾಗಿದ್ದು ಆಗ.

ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ, ನೆಂಟರ ಮನೆಗಳಲ್ಲಿ ಇಂಥ ಲೈಟುಗಳನ್ನು ಬಹಳ ನೋಡಿದ್ದೇನೆ. ಎಲ್ಲವೂ ಮಿಟುಕುತ್ತವೆ, ಆದರೆ ಒಂದೇ ರೀತಿ ಅಲ್ಲ. ಒಂದು ಎರಡು ಸೆಕೆಂಡಿಗೊಮ್ಮೆ ಮಿಂಚಿ ಆರುತ್ತದೆ. ಇನ್ನೊಂದು ಟಿಕ್ ಟಿಕ್ ಸದ್ದಿನ ಜೊತೆ ಕುಣಿಯುತ್ತದೆ. ಮತ್ತೊಂದು ನಿಮಿಷಕ್ಕೊಮ್ಮೆ ಹತ್ತಿ ಆರುತ್ತದೆ. ಈ ತಾಳದಲ್ಲೇ ದೋಷದ ಗುರುತು ಇದೆ. ಆದ್ದರಿಂದ ಏಣಿ ಹತ್ತುವ ಮೊದಲು ಒಂದು ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಸುಮ್ನೆ ನೋಡಿ. ಸೆನ್ಸರ್ ಬಳಿ ಕಿವಿ ಕೊಡಿ. ಎಷ್ಟು ಹೊತ್ತಿಗೊಮ್ಮೆ, ಮಳೆಯಲ್ಲೋ ಬಿಸಿಲಲ್ಲೋ, ಕರೆಂಟು ಇದ್ದಾಗಲೋ ಇನ್ವರ್ಟರ್‌ನಲ್ಲೋ ಎಂದು ಬರೆದಿಟ್ಟುಕೊಳ್ಳಿ.

ಇದಕ್ಕೂ ಮೊದಲು ಹೇಳಲೇಬೇಕಾದ ಮಾತೊಂದಿದೆ. ಹೊರಗಿನ ಲೈಟು ಎಂದರೆ ಒದ್ದೆ ನೆಲ, ಏಣಿ ಮತ್ತು 230 ವೋಲ್ಟ್ ಒಂದೇ ಕಡೆ ಸೇರುವ ಜಾಗ. ಸೆನ್ಸರ್ ಲೈಟು ಆರಿದೆ ಎಂದ ಮಾತ್ರಕ್ಕೆ ಅಲ್ಲಿ ಕರೆಂಟು ಇಲ್ಲ ಎಂದಲ್ಲ. ಸೆನ್ಸರ್ ಒಳಗೆ ಫೇಸ್, ಅಂದರೆ ಕರೆಂಟು ಹೊತ್ತು ತರುವ ವೈರು, ಸದಾ ಇರುತ್ತದೆ. ಮುಚ್ಚಳ ತೆಗೆಯುವ ಮೊದಲು ಆ ಲೈನಿನ ಎಂಸಿಬಿ (ಮೀಟರ್ ಬೋರ್ಡಿನ ರಕ್ಷಣಾ ಸ್ವಿಚ್) ಇಳಿಸಿ, ಟೆಸ್ಟರ್ ಹಚ್ಚಿ ನೋಡಿ. ಆ ಟೆಸ್ಟರ್ ಸರಿ ಇದೆಯೇ ಎಂದು ಮೊದಲು ಕರೆಂಟು ಇರುವ ಪ್ಲಗ್‌ನಲ್ಲಿ ನೋಡಿರಿ. ಮಳೆ ಬರುವಾಗ ಬೇಡ, ಅಲ್ಯೂಮಿನಿಯಂ ಏಣಿ ಬೇಡ. ವೈರಿಂಗ್ ಅಭ್ಯಾಸ ಇಲ್ಲದಿದ್ದರೆ ನೋಡುವ ಕೆಲಸ ನೀವು ಮಾಡಿ, ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವು ನೋಡಿ ಬರೆದಿಟ್ಟದ್ದನ್ನು ಹೇಳಿದರೆ ಅವರ ಕೆಲಸವೂ ಅರ್ಧ ಆಗುತ್ತದೆ.

ಮೊದಲಿಗೆ ಎರಡು ಪರೀಕ್ಷೆ ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ. ಮಿಟುಕುವ ಬಲ್ಬ್ ಬಿಚ್ಚಿ ಮನೆಯೊಳಗಿನ ಮಾಮೂಲಿ ಹೋಲ್ಡರ್‌ಗೆ ಹಾಕಿ. ಅಲ್ಲೂ ಮಿಟುಕಿದರೆ ಬಲ್ಬ್‌ನದೇ ತಪ್ಪು. ಅಲ್ಲಿ ಚೆನ್ನಾಗಿ ಉರಿದರೆ ಎರಡನೇ ಪರೀಕ್ಷೆ. ಸೆನ್ಸರ್‌ನಿಂದ ಲೈಟಿಗೆ ಹೋಗುವ ವೈರನ್ನು ಬಿಚ್ಚಿ, ಸೆನ್ಸರ್‌ಗೆ ಬರುವ ಫೇಸ್ ಜೊತೆ ಸ್ವಲ್ಪ ಹೊತ್ತು ಸೇರಿಸುವುದು. ಅಂದರೆ ಸೆನ್ಸರ್ ಅನ್ನು ದಾರಿಯಿಂದ ತೆಗೆದುಬಿಡುವುದು. ಆಗ ಲೈಟು ಅಲುಗಾಡದೆ ಉರಿದರೆ ದೋಷ ಸೆನ್ಸರ್‌ನಲ್ಲಿ, ಇಲ್ಲವೇ ಸೆನ್ಸರ್ ಮತ್ತು ಬಲ್ಬ್ ನಡುವಿನ ಹೊಂದಾಣಿಕೆಯಲ್ಲಿ. ಆಗಲೂ ಮಿಟುಕಿದರೆ ವೈರ್, ಜಾಯಿಂಟ್, ಇಲ್ಲವೇ ಬರುವ ಕರೆಂಟೇ ಸರಿ ಇಲ್ಲ.

ಸೆನ್ಸರ್ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ತಿಳಿದಿದ್ದರೆ ಮುಂದಿನದು ಸುಲಭ. ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಪಿಐಆರ್ ಸೆನ್ಸರ್. ಅದು ತಾನಾಗಿ ಏನನ್ನೂ ಹೊರಗೆ ಬಿಡುವುದಿಲ್ಲ. ನಮ್ಮ ಮೈಯಿಂದ ಹೊರಡುವ ಶಾಖದ ಕಿರಣಗಳನ್ನು ಗುರುತಿಸುತ್ತದೆ, ಅಷ್ಟೇ. ಮುಂದಿರುವ ಬಿಳಿ ಪ್ಲಾಸ್ಟಿಕ್ ಗುಮ್ಮಟದಲ್ಲಿ ಗೆರೆಗೆರೆಯಾಗಿ ಚೌಕಗಳು ಕಾಣುತ್ತವೆ, ಅಲ್ವಾ? ಅವು ಅಂಗಳವನ್ನು ಪಟ್ಟಿಪಟ್ಟಿಯಾಗಿ ಭಾಗ ಮಾಡುವ ಲೆನ್ಸ್‌ಗಳು. ಬೆಚ್ಚಗಿನ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಸೆನ್ಸರ್‌ಗೆ ಬೀಳುವ ಶಾಖ ಏರಿಳಿಯುತ್ತದೆ. ಆ ಏರಿಳಿತ ಕಂಡರೆ ಒಳಗಿನ ರಿಲೇ, ಅಂದರೆ ಕರೆಂಟಿನಿಂದಲೇ ಆಡುವ ಸ್ವಿಚ್, ಟಿಕ್ ಎಂದು ಕೂಡಿಕೊಳ್ಳುತ್ತದೆ, ಲೈಟು ಹತ್ತುತ್ತದೆ. ಪಕ್ಕದಲ್ಲೇ ಒಂದು ಪುಟ್ಟ ಬೆಳಕಿನ ಕಣ್ಣೂ ಇರುತ್ತದೆ. ಹಗಲೋ ರಾತ್ರಿಯೋ ಎಂದು ಅದು ನೋಡುತ್ತದೆ. ಕೆಳಗಡೆ ಸಾಮಾನ್ಯವಾಗಿ ಮೂರು ತಿರುಪು: ಎಷ್ಟು ಹೊತ್ತು ಉರಿಯಬೇಕು, ಎಷ್ಟು ಕತ್ತಲಾದ ಮೇಲೆ ಕೆಲಸ ಶುರು ಮಾಡಬೇಕು, ಎಷ್ಟು ಸೂಕ್ಷ್ಮವಾಗಿರಬೇಕು.

ಈಗ ಅಮ್ಮನ ಲೈಟಿಗೆ ಬರೋಣ. ಅದರ ತಾಳ ಹೀಗಿತ್ತು: ಪೂರ್ತಿ ಆರಿರಬೇಕಾದ ಹೊತ್ತಿನಲ್ಲಿ ಎರಡು ಮೂರು ಸೆಕೆಂಡಿಗೊಮ್ಮೆ ಒಂದು ಸಣ್ಣ ಮಿಂಚು. ಸೆನ್ಸರ್‌ನಿಂದ ಟಿಕ್ ಸದ್ದು ಇಲ್ಲ. ಯಾರಾದರೂ ಹತ್ತಿರ ಬಂದರೆ ಲೈಟು ಚೆನ್ನಾಗಿಯೇ ಉರಿಯುತ್ತದೆ. ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ತೊಂದರೆ ಇದೇ. ಎಲ್ಲಕ್ಕಿಂತ ಜಾಸ್ತಿ ಬಲ್ಬ್ ವ್ಯರ್ಥವಾಗಿ ಬದಲಾಗುವುದೂ ಇದರಲ್ಲೇ.

ಕಾರಣ ಸೋರಿಕೆ. ಸ್ವಿಚ್ ಆರಿಸಿದ ಮೇಲೂ ತುಸು ಕರೆಂಟು ಲೈಟಿನ ಕಡೆ ಸೋರುತ್ತಿರುತ್ತದೆ. ಹಳೆಯ ತಂತಿ ಬಲ್ಬ್‌ಗಳ ಕಾಲದಲ್ಲೂ ಅದು ಸೋರುತ್ತಲೇ ಇತ್ತು. ಆದರೆ 60 ವ್ಯಾಟ್‌ನ ತಂತಿ ಬಲ್ಬ್ ಉರಿಯಲು ಕಾಲು ಆಂಪಿಯರ್‌ಗಿಂತ ಜಾಸ್ತಿ ಕರೆಂಟು ಬೇಕು. ಒಂದೆರಡು ಮಿಲಿಆಂಪಿಯರ್ ಹರಿದರೆ ಅದರ ತಂತಿ ಬೆಚ್ಚಗೂ ಆಗುವುದಿಲ್ಲ. ಹಾಗಾಗಿ ನಮಗೆ ತಿಳಿಯುತ್ತಲೇ ಇರಲಿಲ್ಲ. 2015ರ ಜನವರಿಯಲ್ಲಿ, ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬ್ ಕೊಡುವ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾದ ಮೇಲೆ ಮನೆಮನೆಗೆ 9 ವ್ಯಾಟ್ ಎಲ್‌ಇಡಿ ಬಂತು. ಬಲ್ಬ್ ಬದಲಾಯಿತು, ಗೋಡೆಯೊಳಗಿನ ವೈರಿಂಗ್ ಬದಲಾಗಲಿಲ್ಲ.

ಎಲ್‌ಇಡಿ ಬಲ್ಬ್ ಒಳಗೆ ಡ್ರೈವರ್ ಎಂಬ ಸಣ್ಣ ಬೋರ್ಡ್ ಇರುತ್ತದೆ. ಅದರಲ್ಲಿ ಕರೆಂಟನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಇದೆ. ಸೋರುವ ನಲ್ಲಿಯ ಕೆಳಗೆ ಲೋಟ ಇಟ್ಟಂತೆ ಎಂದುಕೊಳ್ಳಿ. ಹನಿಹನಿಯಾಗಿ ಲೋಟ ತುಂಬುತ್ತದೆ. ತುಂಬಿದ ಕೂಡಲೇ ಡ್ರೈವರ್ ಎಚ್ಚರಗೊಂಡು ಎಲ್‌ಇಡಿ ಹೊತ್ತಿಸುತ್ತದೆ. ಒಂದು ಮಿಂಚಿಗೆ ಲೋಟ ಖಾಲಿ. ಮತ್ತೆ ಹನಿ, ಮತ್ತೆ ತುಂಬುವುದು, ಮತ್ತೆ ಮಿಂಚು. ಎರಡು ಮಿಂಚಿನ ನಡುವಿನ ಹೊತ್ತು ಎಂದರೆ ಆ ಲೋಟ ತುಂಬಲು ಬೇಕಾದ ಹೊತ್ತು. ಕೆಲವು ಬಲ್ಬ್‌ಗಳು ಹೀಗೆ ಮಿಂಚದೆ ಇಡೀ ರಾತ್ರಿ ಮಿಣುಕು ಹುಳದಂತೆ ಮಸುಕಾಗಿ ಉರಿಯುತ್ತವೆ. ರೋಗ ಒಂದೇ, ಲಕ್ಷಣ ಬೇರೆ.

ಈ ಸೋರಿಕೆ ಎಲ್ಲಿಂದ ಬರುತ್ತದೆ? ದಾರಿಗಳು ಹಲವು. ಮೊದಲನೆಯದು ಸೆನ್ಸರ್‌ನ ಜಾತಿ. ಕೆಲವು ಸೆನ್ಸರ್‌ಗಳಿಗೆ ಎರಡೇ ವೈರು. ಹಳೆಯ ಸ್ವಿಚ್ ತೆಗೆದು ಆ ಜಾಗದಲ್ಲೇ ಕೂರಿಸುವಂಥವು ಇವು. ಕರೆಂಟು ಮರಳುವ ನ್ಯೂಟ್ರಲ್ ವೈರು ಇಲ್ಲದ ಕಾರಣ ತನ್ನ ಹೊಟ್ಟೆಪಾಡಿಗೆ ಬೇಕಾದ ಕರೆಂಟನ್ನು ಇದು ಬಲ್ಬ್ ಮೂಲಕವೇ ಎಳೆದುಕೊಳ್ಳುತ್ತದೆ. ಅಂದರೆ ಸೋರಿಕೆ ಇದರ ಹುಟ್ಟುಗುಣ. ಇದರಲ್ಲಿ ರಿಲೇ ಬದಲು ಟ್ರಯಾಕ್ ಎಂಬ ಸದ್ದಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ ಇದ್ದರೆ ಇನ್ನೊಂದು ತೊಂದರೆ ಇದೆ. ಟ್ರಯಾಕ್ ಹಿಡಿದು ನಿಲ್ಲಲು ಇಷ್ಟು ಕರೆಂಟಾದರೂ ಹರಿಯಬೇಕು. 9 ವ್ಯಾಟ್ ಬಲ್ಬ್ ಅಷ್ಟು ಎಳೆಯುವುದಿಲ್ಲ. ಆಗ ಲೈಟು ಉರಿಯುವಾಗಲೂ ನಡುಗುತ್ತದೆ. ಕೊಟ್ಟಿಗೆ ಲೈಟಿಗೆ ನಾನು ಹಾಕಿಸಿದ್ದು ಈ ಎರಡು ವೈರಿನದೇ. ಮೂರು ವೈರಿನ ಸೆನ್ಸರ್‌ಗೆ ಫೇಸ್, ನ್ಯೂಟ್ರಲ್ ಎರಡೂ ಬೇರೆಯಾಗಿ ಹೋಗುತ್ತವೆ, ಮೂರನೆಯದು ಲೈಟಿಗೆ ಹೊರಡುತ್ತದೆ. ಎಲ್‌ಇಡಿಗೆ ಬೇಕಾದದ್ದು ಇದು. ಸೆನ್ಸರ್ ಇದ್ದಲ್ಲಿಗೆ ನ್ಯೂಟ್ರಲ್ ಹೇಗೂ ಬಂದಿತ್ತು, ಬದಲಿಸಲು ಅರ್ಧ ಗಂಟೆ ಸಾಕಾಯಿತು.

ಮಿಂಚು ನಿಂತಿತು. ಆದರೆ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದರೆ ಬಲ್ಬ್ ಇನ್ನೂ ತೀರಾ ಮಸುಕಾಗಿ ಬೆಳಗುತ್ತಿತ್ತು! ಎರಡನೇ ದಾರಿ ಸಿಕ್ಕಿದ್ದು ಹಾಗೆ. ಉದ್ದಕ್ಕೆ ಅಕ್ಕಪಕ್ಕ ಓಡುವ ಎರಡು ವೈರುಗಳು ಒಂದನ್ನೊಂದು ಮುಟ್ಟದಿದ್ದರೂ ಅವುಗಳ ನಡುವೆ ತುಸು ಕರೆಂಟು ದಾಟುತ್ತದೆ. ನಮ್ಮದರಲ್ಲಿ ಸೆನ್ಸರ್ ಮನೆಯ ಸೂರಿನಲ್ಲಿರಲಿ ಎಂದು ಅಮ್ಮ ಹೇಳಿದ್ದಳು. ಹಾಗಾಗಿ ಲೈಟಿನ ವೈರು ಸದಾ ಫೇಸ್ ಇರುವ ಇನ್ನೊಂದು ವೈರಿನ ಜೊತೆ ಒಂದೇ ಪೈಪಿನಲ್ಲಿ 30 ಮೀಟರ್ ಹೋಗಿತ್ತು. ಅಷ್ಟು ಉದ್ದಕ್ಕೆ ದಾಟುವುದು ಮಿಲಿಆಂಪಿಯರ್‌ನ ಕಾಲು ಭಾಗದ ಆಸುಪಾಸು. ತಂತಿ ಬಲ್ಬ್‌ಗೆ ಇದು ಲೆಕ್ಕಕ್ಕೇ ಇಲ್ಲ. ಎಲ್‌ಇಡಿಗೆ ಸಾಕು.

ಇಲ್ಲೇ ಟೆಸ್ಟರ್ ನಮ್ಮನ್ನು ಗೊಂದಲ ಮಾಡುತ್ತದೆ. ಲೈಟು ಆರಿದ್ದಾಗ ಹೋಲ್ಡರ್‌ನಲ್ಲಿ ಟೆಸ್ಟರ್ ಸಣ್ಣಗೆ ಉರಿಯುತ್ತದೆ. ಡಿಜಿಟಲ್ ಮೀಟರ್ 60, 80, 100 ವೋಲ್ಟ್ ಎಂದೆಲ್ಲ ತೋರಿಸುತ್ತದೆ. ಇದು ನಿಜವಾದ ಕರೆಂಟೋ ಸೋರಿಕೆಯೋ ಎಂದು ತಿಳಿಯಲು ನಮ್ಮಲ್ಲಿ ಒಂದು ಒಳ್ಳೆಯ ಸಾಧನ ಇದೆ: ಹಳೆಯ ಜೀರೋ ಬಲ್ಬ್. ತಂತಿ ಇರುವ ಹಳೆಯದೇ ಆಗಬೇಕು, ಎಲ್‌ಇಡಿ ಜೀರೋ ಬಲ್ಬ್ ಅಲ್ಲ. ಹೆಸರು ಜೀರೋ ಆದರೂ ಅದು ಸುಮಾರು 15 ವ್ಯಾಟ್ ಎಳೆಯುತ್ತದೆ. ಅದನ್ನು ಎಲ್‌ಇಡಿ ಜೊತೆ ಸಮಾನಾಂತರವಾಗಿ, ಅಂದರೆ ಅದೇ ಫೇಸ್, ಅದೇ ನ್ಯೂಟ್ರಲ್‌ಗೆ ಜೋಡಿಸಿ. ಮಿಟುಕು ಅಲ್ಲೇ ನಿಂತರೆ ಸೋರಿಕೆ ಎಂದು ಖಾತ್ರಿ. ಸೋರಿ ಬಂದದ್ದೆಲ್ಲ ಜೀರೋ ಬಲ್ಬ್‌ನ ತಂತಿಯಲ್ಲಿ ಸುಲಭವಾಗಿ ಹರಿದುಹೋಗುತ್ತದೆ, ಎಲ್‌ಇಡಿಯ ಲೋಟ ತುಂಬುವುದೇ ಇಲ್ಲ.

ಶಾಶ್ವತ ಪರಿಹಾರಕ್ಕೆ ಜೀರೋ ಬಲ್ಬ್ ಬೇಕಿಲ್ಲ. 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ಕೆಪಾಸಿಟರ್, ಅದರ ಜೊತೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್. ಇದನ್ನು ಲೈಟಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಾಕುತ್ತಾರೆ. ಎರಡೂ ಸೇರಿಸಿ ಮುಚ್ಚಿದ ಸ್ನಬ್ಬರ್ ಎಂಬ ತುಂಡೂ ಸಿಗುತ್ತದೆ. ಕಾಲು ಮಿಲಿಆಂಪಿಯರ್ ಸೋರಿಕೆ ಇದರ ಮೂಲಕ ಹರಿದರೆ ಬಲ್ಬ್ ತುದಿಯಲ್ಲಿ ಉಳಿಯುವುದು ಎಂಟು ವೋಲ್ಟ್‌ನಷ್ಟು ಮಾತ್ರ. ಅಷ್ಟಕ್ಕೆ ಯಾವ ಡ್ರೈವರೂ ಏಳುವುದಿಲ್ಲ. ಕೆಪಾಸಿಟರ್ ಮೇಲೆ ಎಕ್ಸ್2 ಎಂದೂ 275 ವೋಲ್ಟ್ ಎಸಿ ಎಂದೂ ಬರೆದಿರಲೇಬೇಕು. ಫ್ಯಾನಿನ ಕೆಪಾಸಿಟರ್ ಅಥವಾ ಯಾವುದೋ ಹಳೇ ಬೋರ್ಡಿನದು ಹಾಕಬೇಡಿ. ಎಕ್ಸ್2 ದರ್ಜೆಯದು ಕೆಟ್ಟರೂ ಬೆಂಕಿ ಹಿಡಿಯದಂತೆ ಮಾಡಿರುತ್ತಾರೆ.

ಸೋರಿಕೆಗೆ ಮೂರನೇ ದಾರಿಯೂ ಒಂದಿದೆ, ಅದು ಅಪಾಯದ್ದು. ಫೇಸ್ ಬದಲು ನ್ಯೂಟ್ರಲ್ ಅನ್ನು ಕಡಿಯುವ ವೈರಿಂಗ್. ಎಷ್ಟೋ ಮನೆಗಳಲ್ಲಿ ಬೋರ್ಡಿನಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿರುತ್ತವೆ. ತಂತಿ ಬಲ್ಬ್ ಇದ್ದಾಗ ಯಾರಿಗೂ ಗೊತ್ತಾಗಿರುವುದಿಲ್ಲ. ಸೆನ್ಸರ್ ನ್ಯೂಟ್ರಲ್ ಕಡಿದರೆ ಲೈಟು ಆರಿದ ಮೇಲೂ ಅದರೊಳಗೆ ಪೂರ್ತಿ ಫೇಸ್ ನಿಂತಿರುತ್ತದೆ. ಒದ್ದೆ ಗೋಡೆ, ಲೋಹದ ಚೌಕಟ್ಟುಗಳ ಕಡೆಗೆ ಅದು ತುಸುತುಸು ಸೋರಿ ಎಲ್‌ಇಡಿಯನ್ನು ಮಿಣುಕಿಸುತ್ತದೆ. ಬಲ್ಬ್ ಬದಲಿಸಲು ಹೋದವರಿಗೆ ಶಾಕ್ ಹೊಡೆಯುವುದೂ ಹೀಗೇ. ಆರಿದ್ದಾಗ ಹೋಲ್ಡರ್‌ನಲ್ಲಿ ಟೆಸ್ಟರ್ ಪ್ರಖರವಾಗಿ ಉರಿದರೆ ಮೊದಲು ಇದನ್ನು ಸರಿಮಾಡಿಸಿ. ಇದಕ್ಕೆ ಸ್ನಬ್ಬರ್ ಮದ್ದಲ್ಲ.

ಈಗ ಎರಡನೇ ತಾಳ. ಟಿಕ್ ಟಿಕ್ ಟಿಕ್. ಸೆನ್ಸರ್ ಒಳಗಿನ ರಿಲೇ ಸೆಕೆಂಡಿಗೆ ಹಲವು ಸಲ ಕೂಡಿ ಬಿಡುತ್ತದೆ, ಲೈಟು ಅದರ ಜೊತೆ ಪಟಪಟ ಹೊಡೆದುಕೊಳ್ಳುತ್ತದೆ. ಕೆಲವು ವರ್ಷ ಚೆನ್ನಾಗಿದ್ದ ಸೆನ್ಸರ್ ಒಂದು ದಿನ ಹೀಗೆ ಶುರು ಮಾಡುತ್ತದೆ. ಬಹಳ ಜನ ಇದನ್ನು ಸಿಡಿಲಿಗೆ ಹೋಯಿತು ಎನ್ನುತ್ತಾರೆ. ಜಾಸ್ತಿ ಸಲ ಕಾರಣ ಸಿಡಿಲಲ್ಲ, ಒಂದು ಸವೆದ ಕೆಪಾಸಿಟರ್.

ಕಡಿಮೆ ಬೆಲೆಯ ಸೆನ್ಸರ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟ್ ಅನ್ನು ರಿಲೇಗೆ ಬೇಕಾದ 24 ವೋಲ್ಟ್‌ನಷ್ಟಕ್ಕೆ ಇಳಿಸುವುದು ಒಂದು ಚೌಕದ ಫಿಲ್ಮ್ ಕೆಪಾಸಿಟರ್. ಕರೆಂಟಿನಲ್ಲಿ ಏರುಪೇರು ಬಂದಾಗಲೆಲ್ಲ ಅದರೊಳಗಿನ ತೆಳು ಲೋಹದ ಪದರ ಚುಕ್ಕಿ ಚುಕ್ಕಿಯಾಗಿ ಸುಟ್ಟುಹೋಗುತ್ತದೆ. ಹಾಗೆ ಸುಟ್ಟು ತನ್ನನ್ನು ತಾನು ಕಾಪಾಡಿಕೊಳ್ಳುವಂತೆಯೇ ಅದನ್ನು ಮಾಡಿರುತ್ತಾರೆ. ಆದರೆ ಪದರ ಕಡಿಮೆಯಾದಂತೆ ಅದರ ಶಕ್ತಿಯೂ ಕುಗ್ಗುತ್ತದೆ. ತೇವ ಸೇರಿದರೆ ಇನ್ನೂ ಬೇಗ. ನಮ್ಮ ಎರಡನೇ ಸೆನ್ಸರ್ ಹೀಗೆ ಟಿಕ್‌ಟಿಕ್ ಶುರು ಮಾಡಿದಾಗ ಬಿಚ್ಚಿ ಅಳೆದೆ. 0.47 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಕೆಪಾಸಿಟರ್ 0.2ಕ್ಕೂ ಕಡಿಮೆ ತೋರಿಸಿತು.

ಆಗ ಏನಾಗುತ್ತದೆ ನೋಡಿ. ರಿಲೇ ಸುಮ್ಮನಿರುವಾಗ ಒಳಗಿನ ವೋಲ್ಟೇಜ್ ನಿಧಾನವಾಗಿ ತುಂಬಿಕೊಳ್ಳುತ್ತದೆ. ಯಾರೋ ನಡೆದು ಬಂದರು, ರಿಲೇ ಎಳೆಯಿತು. ಎಳೆದ ಕೂಡಲೇ ಅದರ ಸುರುಳಿ ಕರೆಂಟು ಕುಡಿದು ವೋಲ್ಟೇಜ್ ಕುಸಿಯುತ್ತದೆ. ರಿಲೇ ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವರಿಗೆ ಇದು ಕೆಲವೇ ರೂಪಾಯಿಯ ರಿಪೇರಿ. ಉಳಿದವರು ಸೆನ್ಸರ್ ಬದಲಿಸುವುದೇ ವಾಸಿ. ಆದರೆ ಹೊಸ ಸೆನ್ಸರ್ ಕೂಡ ಸಂಜೆ ಹೊತ್ತು ಮಾತ್ರ ಹೀಗೆ ಮಾಡಿ, ರಾತ್ರಿ ಹತ್ತರ ಮೇಲೆ ಸರಿಹೋದರೆ ಅದು ಲೋ ವೋಲ್ಟೇಜ್. ಸುತ್ತಲಿನ ಮನೆಗಳ ಲೈಟು, ಮಿಕ್ಸಿ, ಪಂಪು ಎಲ್ಲ ಓಡುವ ಹೊತ್ತಿನಲ್ಲಿ ಊರ ಕೊನೆಯ ಮನೆಗೆ 230 ಸಿಗುವುದಿಲ್ಲ. ಮೀಟರ್ ಇಟ್ಟು ಸಂಜೆ ಏಳಕ್ಕೆ ಒಂದು ಸಲ, ರಾತ್ರಿ ಹನ್ನೊಂದಕ್ಕೆ ಒಂದು ಸಲ ಅಳೆದು ನೋಡಿ.

ಮನೆಯ ಎಲ್ಲ ಲೈಟುಗಳೂ ಒಟ್ಟಿಗೆ ಮಿಟುಕಿ, ಕೆಲವು ಮಸುಕಾಗಿ ಕೆಲವು ಎಂದಿಗಿಂತ ಪ್ರಖರವಾದರೆ ಸೆನ್ಸರ್ ಬಗ್ಗೆ ಯೋಚಿಸುತ್ತಾ ನಿಲ್ಲಬೇಡಿ. ಅದು ನ್ಯೂಟ್ರಲ್ ಸಡಿಲವಾದ ಲಕ್ಷಣ. ಟಿವಿ, ಫ್ರಿಜ್ ಸುಟ್ಟುಹೋಗಬಹುದು, ಜೀವಕ್ಕೂ ಅಪಾಯ. ಮೇನ್ ಇಳಿಸಿ, 1912ಕ್ಕೆ ಫೋನ್ ಮಾಡಿ ಅಥವಾ ಲೈನ್‌ಮ್ಯಾನ್ ಕರೆಸಿ.

ಮೂರನೇ ತಾಳ ನಿಧಾನದ್ದು. ಲೈಟು ಹತ್ತುತ್ತದೆ, ತಿರುಪಿನಲ್ಲಿ ಇಟ್ಟಷ್ಟು ಹೊತ್ತು ಉರಿದು ಆರುತ್ತದೆ, ಒಂದೆರಡು ಸೆಕೆಂಡಿನಲ್ಲಿ ಮತ್ತೆ ಹತ್ತುತ್ತದೆ. ರಾತ್ರಿಯಿಡೀ ಇದೇ. ಅತ್ತೆಯ ಮನೆಯಲ್ಲಿ ಕಂಡ ತೊಂದರೆ ಇದು. ದೀಪಾವಳಿಗೆ ಸುಣ್ಣ ಬಳಿದ ಮರುದಿನದಿಂದ ಶುರುವಾಯಿತಂತೆ. ಸುಣ್ಣಕ್ಕೂ ಲೈಟಿಗೂ ಏನು ಸಂಬಂಧ ಎಂದು ಎಲ್ಲರಿಗೂ ಅಚ್ಚರಿ. ಸಂಬಂಧ ಇದೆ. ಕೆಲವು ಸೆನ್ಸರ್‌ಗಳ ಬೆಳಕಿನ ಕಣ್ಣು ಲೈಟು ಉರಿಯುವಾಗಲೂ ನೋಡುತ್ತಲೇ ಇರುತ್ತದೆ. ಹೊಸ ಬಿಳಿ ಗೋಡೆಯಿಂದ ಪುಟಿದ ಬೆಳಕು ಅದರ ಮೇಲೆ ಬಿತ್ತು. ಬೆಳಗಾಯಿತು ಎಂದು ಸೆನ್ಸರ್ ಲೈಟು ಆರಿಸಿತು. ಆರಿಸಿದರೆ ಕತ್ತಲೆ, ಹಾಗಾದರೆ ರಾತ್ರಿ, ಮತ್ತೆ ಹತ್ತಿಸು. ಕತ್ತಲಾದರೆ ಹತ್ತಿ ಬೆಳಗಾದರೆ ಆರುವ ಫ್ಲಡ್ ಲೈಟ್‌ಗಳಲ್ಲಿ ಇದು ಇನ್ನೂ ಜಾಸ್ತಿ.

ಬೆಳಕಿನ ಬದಲು ಶಾಖವೂ ಹೀಗೆ ಮಾಡಬಲ್ಲದು. ಫ್ಲಡ್ ಲೈಟಿನ ಬೆನ್ನು ಬಿಸಿಯಾಗಿರುತ್ತದೆ. ಅದು ಸೆನ್ಸರ್‌ನ ನೋಟದೊಳಗೇ ಇದ್ದರೆ, ಲೈಟು ಆರಿ ತಣಿಯುವಾಗ ಆಗುವ ಶಾಖದ ಇಳಿತವನ್ನೇ ಸೆನ್ಸರ್ ಮನುಷ್ಯ ಎಂದು ತಿಳಿಯುತ್ತದೆ. ಎರಡಕ್ಕೂ ಪರೀಕ್ಷೆ ಒಂದೇ. ಬೆಳಕಿನ ಕಣ್ಣಿಗೆ ಕಪ್ಪು ಟೇಪ್ ಅಂಟಿಸಿ ನೋಡಿ. ನಿಂತರೆ ಬೆಳಕಿನ ದೋಷ. ನಿಲ್ಲದಿದ್ದರೆ ಶಾಖದ್ದು, ಇಲ್ಲವೇ ಲೆನ್ಸ್ ಎದುರು ಅಲುಗಾಡುವ ಯಾವುದೋ ಒಂದು. ಲೈಟಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ, ಹಲ್ಲಿ ಬರುತ್ತವೆ. ಲೆನ್ಸ್ ಮೇಲೆಯೇ ಹಲ್ಲಿ ಹರಿದರೆ ಸೆನ್ಸರ್‌ಗೆ ಅದು ಆನೆಯಷ್ಟು ದೊಡ್ಡದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಲೆ ತೆಗೆಯುವುದರಿಂದಲೇ ಎಷ್ಟೋ ಲೈಟು ಸರಿಹೋಗಿವೆ. ಬಚ್ಚಲ ಒಲೆಯ ಹೊಗೆಗೂಡು, ಏಸಿಯ ಹೊರಗಿನ ಘಟಕ, ಬಿಸಿಲಿಗೆ ಕಾದ ತಗಡು ಎದುರಿಗಿದ್ದರೆ ಸೆನ್ಸರ್‌ನ ಮುಖ ಬೇರೆ ಕಡೆ ತಿರುಗಿಸಿ. ಅತ್ತೆ ಮನೆಯಲ್ಲಿ ನಾವು ಮಾಡಿದ್ದು ಇಷ್ಟೇ: ಲೈಟನ್ನು ಸೆನ್ಸರ್‌ನಿಂದ ಒಂದು ಮೀಟರ್ ದೂರಕ್ಕೆ ಸರಿಸಿ, ಅದರ ಮುಖ ಗೋಡೆಯ ಬದಲು ಅಂಗಳಕ್ಕೆ ಮಾಡಿದೆವು.

ಇಲ್ಲಿಯೇ ಇನ್ನೊಂದು ಮಾತು. ಸೆನ್ಸರ್ ಇರುವ ಲೈನಿಗೆ ತನ್ನದೇ ಸೆನ್ಸರ್ ಇರುವ ಬಲ್ಬ್ ಹಾಕಬೇಡಿ. ಮೊಬೈಲ್‌ನಿಂದ ನಡೆಸುವ ಸ್ಮಾರ್ಟ್ ಬಲ್ಬ್ ಕೂಡ ಬೇಡ. ಅವಕ್ಕೆ ಸದಾ ಕರೆಂಟು ಬೇಕು. ಇತ್ತೀಚೆಗೆ ಬಲ್ಬ್ ಒಳಗೇ ರಾಡಾರ್ ಸೆನ್ಸರ್ ಇರುವಂಥವೂ ಬಂದಿವೆ. ಅವು ಶಾಖ ನೋಡುವುದಿಲ್ಲ, ಚಲನೆ ನೋಡುತ್ತವೆ. ತೆಳು ಬಾಗಿಲು, ಪ್ಲಾಸ್ಟಿಕ್ ಶೀಟಿನ ಆಚೆಗಿನದೂ ಅವಕ್ಕೆ ಕಾಣುತ್ತದೆ. ಗಾಳಿಗೆ ಬಾಳೆ ಎಲೆ ಆಡಿದರೂ, ಮಳೆ ನೀರು ಪೈಪಿನಲ್ಲಿ ಇಳಿದರೂ ಹತ್ತಿಕೊಳ್ಳುತ್ತವೆ. ಮಲೆನಾಡಿನ ಅಂಗಳಕ್ಕೆ ಅವು ಹೊಂದುವುದಿಲ್ಲ ಎಂಬುದು ನನ್ನ ಅನುಭವ.

ತಾಳವೇ ಇಲ್ಲದ ಮಿಟುಕು ನಾಲ್ಕನೆಯದು. ಗಾಳಿ ಬಂದಾಗ, ಮಳೆ ಹಿಡಿದಾಗ, ಬಾಗಿಲು ಧಡ್ ಎಂದಾಗ. ಅಂದರೆ ಎಲ್ಲೋ ಜಾಯಿಂಟ್ ಸಡಿಲ, ಇಲ್ಲವೇ ನೀರು ಹೊಕ್ಕಿದೆ. ಸೆನ್ಸರ್ ಲೈಟಿನಲ್ಲಿ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಏಕೆಂದರೆ ಕರೆಂಟು ಒಮ್ಮೆ ಹೋಗಿ ಬಂದರೆ ಸೆನ್ಸರ್ ಹೊಸದಾಗಿ ಶುರುವಾಗಬೇಕು. ಆಗ ಅರ್ಧ ನಿಮಿಷ ಒಂದು ನಿಮಿಷ ಅದು ಸುತ್ತಲಿನ ಶಾಖಕ್ಕೆ ಹೊಂದಿಕೊಳ್ಳುತ್ತದೆ, ಆ ಹೊತ್ತಿನಲ್ಲಿ ಲೈಟನ್ನೂ ಹತ್ತಿಸಿಬಿಡುತ್ತದೆ. ಹಾಗಾಗಿ ಒಂದು ಕ್ಷಣದ ಸಡಿಲ ಜಾಯಿಂಟ್ ಒಂದು ನಿಮಿಷದ ಬೆಳಕಾಗಿ ಕಾಣುತ್ತದೆ.

ಹೊರಗಿನ ಜಾಯಿಂಟ್‌ಗಳನ್ನು ವೈರ್ ತಿರುಚಿ ಟೇಪ್ ಸುತ್ತಿ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಒಂದು ಮಳೆಗಾಲಕ್ಕೆ ಆ ಟೇಪಿನ ಅಂಟು ಬಿಡುತ್ತದೆ. ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರು ನೇರವಾಗಿ ತಿರುಚಿದ್ದರಂತೂ ತೇವ ತಾಗಿದಲ್ಲೇ ತಿನ್ನುತ್ತಾ ಹೋಗುತ್ತದೆ. ಬಿಳಿ ಪುಡಿ, ಹಸಿರು ಕಿಲುಬು, ಕರಕಲು ಕಂಡರೆ ಅದೇ ಜಾಗ. ಅಷ್ಟುದ್ದ ಕತ್ತರಿಸಿ, ಸ್ಕ್ರೂ ಕನೆಕ್ಟರ್ ಹಾಕಿ, ಮುಚ್ಚಳ ಸರಿಯಾಗಿ ಕೂರುವ ಜಂಕ್ಷನ್ ಬಾಕ್ಸ್ ಒಳಗಿಡಬೇಕು. ವೈರು ಮೇಲಿನಿಂದ ನೇರವಾಗಿ ಬಾಕ್ಸಿಗೆ ಇಳಿಯಬಾರದು. ಅದು ಕೆಳಗೆ ಜೋತು, ಮತ್ತೆ ಮೇಲೇರಿ ಬಾಕ್ಸಿನ ತಳದಿಂದ ಒಳಹೋಗಬೇಕು. ಆಗ ವೈರು ಹಿಡಿದು ಇಳಿದ ನೀರು ಜೋತ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಈ ಒಂದು ಬಳುಕು ಮಾಡಿಸಲು ಹಣ ಬೇಕಿಲ್ಲ, ಉಪಕಾರ ಮಾತ್ರ ದೊಡ್ಡದು. ಸೆನ್ಸರ್ ಮೇಲೆ ಐಪಿ 44 ಎಂದಿದ್ದರೆ ನೀರು ಸಿಡಿದರೆ ತಡೆಯುತ್ತದೆ ಎಂದರ್ಥ. ಐಪಿ 65 ಎಂದರೆ ನೀರಿನ ಧಾರೆಯನ್ನೂ ತಡೆಯುತ್ತದೆ. ಗಾಳಿ ಮಳೆ ಅಡ್ಡ ಹೊಡೆಯುವ ನಮ್ಮ ಕಡೆಯಲ್ಲೂ ಕರಾವಳಿಯಲ್ಲೂ 65 ತೆಗೆದುಕೊಳ್ಳಿ. ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದಿದ್ದರೆ ಇದೇ ಖರ್ಚಿನಲ್ಲಿ ಹಾಕಿಸಿಬಿಡಿ. ಮಳೆ ಬಂದಾಗಲೆಲ್ಲ ಅದು ಬಿದ್ದರೆ ಬೈಯಬೇಡಿ, ನೀರು ಹೊಕ್ಕಿರುವುದನ್ನು ಅದು ಹೇಳುತ್ತಿದೆ.

ಐದನೆಯದು ನಿಜವಾಗಿಯೂ ಬಲ್ಬ್‌ನದೇ ತಪ್ಪು. ಉರಿಯುವಾಗ ಸಣ್ಣಗೆ ನಡುಗುವ ಬೆಳಕು. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಒಳ್ಳೆಯ ಡ್ರೈವರ್ ಆ ಕುಳಿಗಳನ್ನು ಕೆಪಾಸಿಟರ್‌ನಿಂದ ತುಂಬುತ್ತದೆ. ಅಗ್ಗದ್ದು ತುಂಬುವುದಿಲ್ಲ, ಹಳೆಯದು ತುಂಬಲಾರದು. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದರೆ ಇದೇ. ಇನ್ನೊಂದು ಬಗೆಯಲ್ಲಿ ಬಲ್ಬ್ ಒಂದೆರಡು ನಿಮಿಷ ಚೆನ್ನಾಗಿ ಉರಿದು, ಬಿಸಿಯಾದ ಮೇಲೆ ಆರಿ, ತಣಿದು ಮತ್ತೆ ಹತ್ತುತ್ತದೆ. ಒಳಗಿನ ಎಲ್‌ಇಡಿಗಳು ಸರಪಳಿಯಂತೆ ಸಾಲಾಗಿರುತ್ತವೆ. ಒಂದರ ಕೊಂಡಿ ಶಾಖಕ್ಕೆ ಬಿಟ್ಟರೆ ಇಡೀ ಸಾಲು ಆರುತ್ತದೆ. ಸುತ್ತ ಗಾಜು ಮುಚ್ಚಿದ ಗೇಟಿನ ಲೈಟುಗಳಲ್ಲಿ ಇದು ಜಾಸ್ತಿ. ಗಾಳಿಯಾಡದ ಗೋಳದಲ್ಲಿ ಡ್ರೈವರ್ ಬೇಯುತ್ತದೆ. ಅಲ್ಲಿಗೆ ಕಡಿಮೆ ವ್ಯಾಟ್‌ನ ಬಲ್ಬ್ ಹಾಕಿ.

ಕರೆಂಟು ಹೋದಾಗ ಮಾತ್ರ ಮಿಟುಕಿದರೆ ಇನ್ವರ್ಟರ್ ನೋಡಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನ ಕರೆಂಟು ಮೆಟ್ಟಿಲಿನಂತೆ ಥಟ್ಟನೆ ಏರಿ ಇಳಿಯುತ್ತದೆ. ಅಂಥ ಏರಿಳಿತ ಕೆಪಾಸಿಟರ್‌ಗಳನ್ನು ಸುಲಭವಾಗಿ ದಾಟುತ್ತದೆ, ಮೇಲೆ ಹೇಳಿದ ಸೋರಿಕೆ ಜಾಸ್ತಿಯಾಗುತ್ತದೆ. ಸೆನ್ಸರ್ ಒಳಗಿನ ಭಾಗಗಳೂ ಹೆಚ್ಚು ಬಿಸಿಯಾಗುತ್ತವೆ. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಸೆನ್ಸರ್ ಲೈನನ್ನು ಇನ್ವರ್ಟರ್‌ನಿಂದ ಹೊರಗಿಡಿ.

ಹೊಸ ಸೆನ್ಸರ್ ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ವ್ಯಾಟ್ ಲೆಕ್ಕ ಇರುತ್ತದೆ, ತಂತಿ ಬಲ್ಬ್‌ಗೆ 1200 ಎಂದೂ ಎಲ್‌ಇಡಿಗೆ 300 ಎಂದೂ ಇರಬಹುದು. ಎರಡನೆಯದನ್ನೇ ನೋಡಿ. ಎಲ್‌ಇಡಿ ಹತ್ತುವ ಮೊದಲ ಕ್ಷಣದಲ್ಲಿ ಡ್ರೈವರ್‌ಗಳ ಕೆಪಾಸಿಟರ್ ಎಲ್ಲ ಒಟ್ಟಿಗೆ ಕರೆಂಟು ಗುಟುಕರಿಸುತ್ತವೆ. ಆ ಏಟಿಗೆ ರಿಲೇಯ ಮುಖ ಸುಟ್ಟು, ಒಂದೋ ಅಂಟಿಕೊಂಡು ಲೈಟು ಆರುವುದೇ ಇಲ್ಲ, ಇಲ್ಲವೇ ಕರಕಲಾಗಿ ಮಿಟುಕಲು ಶುರು. ಒಂದೇ ಸೆನ್ಸರ್‌ಗೆ ಏಳೆಂಟು ಫ್ಲಡ್ ಲೈಟ್ ಕಟ್ಟುವ ಯೋಚನೆ ಇದ್ದರೆ ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ದೊಡ್ಡ ಹೊರೆ ತಾಳುವ ರಿಲೇ, ಹಾಕಿಸಿ.

ಕಳೆದ ಮಳೆಗಾಲದಲ್ಲಿ ಅಮ್ಮ ಮತ್ತೆ ಫೋನ್ ಮಾಡಿದ್ದಳು. "ಲೈಟು ಮತ್ತೆ ಶುರು ಮಾಡಿದೆ ಕಣೋ. ಟಿಕ್ ಅನ್ನಲ್ಲ. ತಾಳಾನೂ ಇಲ್ಲ. ಗಾಳಿ ಬಂದ್ರೆ ಮಾತ್ರ." ಊರಿನ ಎಲೆಕ್ಟ್ರಿಷಿಯನ್‌ಗೆ ಬಾವಿಕಟ್ಟೆ ಮೇಲಿನ ಬಾಕ್ಸ್ ನೋಡಲು ಹೇಳಿದೆ. ಮುಚ್ಚಳದ ಒಂದು ಸ್ಕ್ರೂ ಬಿದ್ದುಹೋಗಿ ಒಳಗೆ ಇರುವೆ ಗೂಡು ಕಟ್ಟಿತ್ತು, ನ್ಯೂಟ್ರಲ್ ಕನೆಕ್ಟರ್ ಸಡಿಲವಾಗಿತ್ತು. ಅಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಲೈಟು ಸರಿಯಾಗಿತ್ತು.